ಖೊಟ್ಟಿ ಸ್ಕ್ರೀನ್

ನಾಗಪುರದಲ್ಲಿ ಉಮರೇಡ್ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. ಹಿರಿಯರೊಬ್ಬರು ಗಣಿಯ ಪಂಪ್‌ಗಳನ್ನು ಕಂಪ್ಯೂಟರಿನಲ್ಲಿ ತಪಾಸಣೆ ಮಾಡುವವರು. ಜೊತೆಗಿದ್ದ ಅಣ್ಣನ ಮಗಳು ಅವರಿಗೆ ಹೊಸ ಸಾಫ್ಟ್‌ವೇರ್ ಬರೆದುಕೊಟ್ಟವಳು.

“ಕಾಕಾ, ತಪಾಸಣೆ ಅರ್ಧಕ್ಕ ಯಾಕ ಬಂದ್ ಮಾಡಿದ್ರಿ? ಮೂರನೇ ಪಂಪ್ ಕೆಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ.”

“ಪ್ರೋಗ್ರಾಂ ಸತ್ತೈತಿ ಅಂದ್ಕೊಂಡೆ. ಹಳೇ ಕರೀ ಸ್ಕ್ರೀನಿನ್ಯಾಗ ಒಂದೊಂದೇ ಸಾಲು ಬರ್ತಿತ್ತು. ನಿನ್ನ ಹೊಸಾದ್ರಾಗ ಏನೂ ಬರಂಗಿಲ್ಲ.”

“ಒಳಗ ಓಡೋದು ಅದೇ ಹಳೇ ಪ್ರೋಗ್ರಾಂ. ಅದು ಹೇಳಿದ್ದನ್ನ ನಂದು ಹಿಡಿದು ತೋರಸ್ತೈತಿ.”

“ಮತ್ತ ಯಾಕ ಬಾಯಿ ಬಿಡವಲ್ಲದು?”

“ಎದುರಿಗೆ ಸ್ಕ್ರೀನ್ ಇದ್ರ ಸಾಲು ಸಾಲಾಗಿ ಹೇಳ್ತೈತಿ. ನಂದರಂಥಾ ಇನ್ನೊಂದು ಪ್ರೋಗ್ರಾಂ ಕೇಳಾಕತ್ತಿದ್ರ ಎಲ್ಲಾ ಕೂಡಿಟ್ಟು ಕಡೀಕ ಒಮ್ಮೆಲೇ ಸುರೀತೈತಿ.”

“ಅದಕ್ಕ ಹೆಂಗ ಗೊತ್ತಾಗ್ತೈತಿ, ಎದುರಿಗೆ ಯಾರದಾರ ಅಂತ?”

“ಎದುರಿಗಿರೋದು ಸ್ಕ್ರೀನೋ ಪ್ರೋಗ್ರಾಮೋ ಅಂತ ಶುರುವಿಗೇ ಕಂಪ್ಯೂಟರ್‌ನ ವಿಚಾರಸ್ತೈತಿ.”

“ಭಾರಿ ಐತಲ್ಲ! ಈಗೇನ್ ಮಾಡ್ತಿ?”

“ಹಳೇದ್ರ ಮುಂದ ಒಂದು ಖೊಟ್ಟಿ, ಬರೇ ತೋರಿಕೆ ಸ್ಕ್ರೀನ್ ಇಡ್ತೀನಿ. ಯಾರೋ ಕುಂತು ನೋಡಾಕತ್ತಾರ ಅಂತ ಸುಳ್ಳು ಹೇಳಿದಂಗ.”

ಬಸ್ಸು ಬಂತು. ಹಿರಿಯರು ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನೋಡಿದರು.

“ಅದರಾಗ ಸುಳ್ಳೇನೈತಿ? ನಾ ಕುಂತಿರ್ತೀನಲ್ಲ.”