ಮೆಂಬರು ಯಾವ ಸಾಲಿನಾಗ?

ಲಕಮನಹಳ್ಳಿ ಸ್ಟಾಪಿನಲ್ಲಿ ಚಿಗರಿ ಬಸ್ಸಿಗೆ ಕಾಯುತ್ತಿದ್ದ ಶರಣವ್ವನ ಪಕ್ಕದಲ್ಲೇ ಇಬ್ಬರು ಕುಂತಿದ್ದರು. ರವಿವಾರ ಚರ್ಚಿನಲ್ಲಿ ದೇಶಕ್ಕಾಗಿ ಪ್ರಾರ್ಥಿಸುವ ಪಾಳಿ ಅವರಲ್ಲಿ ಹರೆಯದವಳಾದ ರೂತಳದು. ಯಾರ್ಯಾರಿಗಾಗಿ ಎಂದು ಸಾಲು ಸಾಲಾಗಿ ಚೀಟಿ ಬರೆದುಕೊಡುತ್ತಿದ್ದವರು ಸುಗುಣಾ ಟೀಚರ್.

“ಮೊದಲ್ನೇ ಸಾಲು ನಾಯಕರದು. ನಮ್ಮ ವಾರ್ಡಿನ ಮೆಂಬರ ಹೆಸರೂ ಹೇಳಬೇಕು.”

“ನನ್ನ ಹೊಲಿಗಿ ಅಂಗಡಿ ಕೆಡವಿಸಿದಾಂವಂದೇನ್ರಿ?”

“ಕೆಡವಿಸಿದ್ರೂ ಮೆಂಬರ ಅಲ್ಲೇನು?”

“ಅಂವನ್ನ ವೈರಿಗಳ ಸಾಲಿನಾಗ ಹಾಕ್ರಿ. ಅವರಿಗೂ ಪ್ರಾರ್ಥನಾ ಮಾಡ್ತೇವಲ್ಲ.”

“ಅಲ್ಲಿ ಹೆಸರು ಹೇಳೂದಿಲ್ಲ ರೂತ್, ಮನಸಿನಾಗ ಅನಕೋಬೇಕು.”

“ಹಂಗಾರ ಎರಡೂ ಕಡೆ ಬಂದಂಗಾತು. ನಿನ್ನಿ ದವಾಖಾನ್ಯಾಗ ಅಡ್ಮಿಟ್ ಆಗ್ಯಾನಂತ. ರೋಗಿಗಳ ಸಾಲಿನಾಗೂ ಬರ್ತಾನೇನ್ರಿ?”

ಟೀಚರ್ ರೋಗಿಗಳ ಸಾಲಿಗೂ ಅವನ ಹೆಸರು ಸೇರಿಸಿದರು.

“ಬರ್ತಾನ.”

“ಮತ್ತ ನಾ ಎಲ್ಲಿ ಬರ್ತೇನ್ರಿ ಟೀಚರ್?”

“ಕಡೀಗೆ ‘ದೇಶದ ಸಮಸ್ತ ಜನರು’ ಅಂತ ಐತಲ್ಲ, ಅದರಾಗ.”

“ಅದರಾಗ ಅಂವನೂ ಬರ್ತಾನಲ್ರಿ.”

ಬಸ್ಸು ಬಂತು. ಟೀಚರ್ ಚೀಟಿ ಮಡಚಿ ಹತ್ತಿದರು, ಹಿಂದೆಯೇ ರೂತಳೂ ಹತ್ತಿದಳು. ಆ ಮೆಂಬರಿಗೇ ಓಟು ಹಾಕಿದ್ದ ಶರಣವ್ವ ಮಾತ್ರ, ತಾನು ಯಾವ ಸಾಲಿನಲ್ಲಿ ಬರುತ್ತೇನೋ ತಿಳಿಯದೆ, ತಾನೂ ಹತ್ತಬೇಕಿದ್ದ ಆ ಬಸ್ಸನ್ನು ಬಿಟ್ಟು ಅಲ್ಲೇ ಕುಂತಳು.