ಗೆರೆ ಬಿದ್ದ ಹಣಿಗೆ

ಟ್ರ್ಯಾಕ್ಟರಿನ ಫ್ಯಾನ್ ಬೆಲ್ಟಿಗಾಗಿ ಹಿಪ್ಪರಗಿಯಿಂದ ಜಮಖಂಡಿಗೆ ಬಂದಿದ್ದ ಪಾಂಡಪ್ಪನಿಗೆ ಬಿಡಿಭಾಗದ ಅಂಗಡಿಯಲ್ಲಿ ಮುಂದೆ ಹೋಗಲು ಜಾಗವೇ ಸಿಗಲಿಲ್ಲ. ರಬಕವಿಯ ಮಗ್ಗದ ಮಾಲೀಕ ಕಾಮಣ್ಣನೂ ಅವನ ಹೆಂಡತಿ ಯಲ್ಲಕ್ಕನೂ ತಮ್ಮ ಹಳೆಯ ಮಾರುತಿ ಕಾರಿನ ಬ್ರೇಕಿಗಾಗಿ ಜಗಳ ತೆಗೆದು ಆಗಲೇ ಬಹಳ ಹೊತ್ತಾಗಿತ್ತು. ಕೇಳಬಾರದೆಂದುಕೊಂಡರೂ ಎಲ್ಲವೂ ಪಾಂಡಪ್ಪನ ಕಿವಿಗೆ ಬೀಳುತ್ತಿತ್ತು.

“ಬರೇ ಪ್ಯಾಡ್ ಕೊಡ್ರಿ, ಸಾಕು,” ಎಂದ ಕಾಮಣ್ಣ, ಅಂಗಡಿಯವನಿಗೆ.

“ಪ್ಯಾಡ್ ಒತ್ತೋ ಡಿಸ್ಕಿಗೆ ಗೆರಿ ಬಿದ್ದಾವ ಅಂತ ಮಿಸ್ತ್ರಿ ಬಡಕೊಂಡಾನಲ್ರಿ!” ಎಂದಳು ಯಲ್ಲಕ್ಕ.

“ಬಿದ್ರ ಏನಾತು? ಕಬ್ಬಿಣ ಐತಿ ಅದು.”

“ನೂಲಿನ ಎಳಿ ಹಾಯೋ ಮಗ್ಗದ ಹಣಗಿನೂ ಕಬ್ಬಿಣದ್ದ ಐತ್ರಿ. ಗೆರಿ ಬಿದ್ದ ಹಣಗಿಗೆ ಹೊಸಾ ನೂಲು ಹಾಕಿದ್ರ ಎಳಿ ಎಲ್ಲಾ ಕಡದು ಹೋಗತಾವ ಅಂತ ನಿನ್ನೆ ನೇಕಾರರ ಮ್ಯಾಲ ಒದರಿದವರು ಯಾರ್ರಿ?”

“ಅದು ಸೀರಿ ಮಾತು. ಇದು ಗಾಡಿ ಮಾತು.”

“ಹೌದ್ರಿ. ಸೀರಿ ಹರದ್ರ ಇನ್ನೊಂದು ನೇಯಬಹುದು. ಗಾಡ್ಯಾಗ ನಾ ಕುಂತಿರತೇನಿ.”

“ತಲಿ ತಿನಬ್ಯಾಡ, ಸುಮ್ನಿರು!”

“ಆತು, ಸುಮ್ನಾದ್ನಿ. ನೀವು ಗಾಡ್ಯಾಗ ಬರ್ರಿ. ನಾ ಬಸ್ಸಿಗೆ ಹೋಗತೇನಿ.”

ಯಲ್ಲಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟಳು. ಕಾಮಣ್ಣ ಪ್ಯಾಡಿನ ಡಬ್ಬಿ ಹಿಡಿದು ಬಾಗಿಲತನಕ ಹೋದ, ನೋಡಿದ, ಗೊಣಗುತ್ತ ತಿರುಗಿ ಬಂದ.

“ಡಿಸ್ಕೂ ಕೊಡ್ರಿ. ಲಗೂನ ಕೊಡ್ರಿ, ರಬಕವಿ ಬಸ್ ಬಿಟ್ಟಗಿಟ್ಟೀತು!”

ಕಾಗದ ಸುತ್ತುವವರೆಗೂ ಕಾಯದೆ ಎರಡೂ ಡಿಸ್ಕುಗಳನ್ನು ಬಗಲಲ್ಲಿ ಅವುಚಿಕೊಂಡು ಬೀದಿಗೆ ಓಡಿದ.

“ನಿಂದ್ರ ಬೇ, ತಗೊಂಡೇನಿ!”