ಒದ್ದೆಯಾದರೇ ಗೆದ್ದಂತೆ

...ಸುಮ್ಮನೆ ಊಹಿಸೇ, ಏನಾಯ್ತು ಹೇಳು ನೋಡೋಣ! ಅಲ್ಲ. ಕಾಲು ಜಾರಿ ಬಿದ್ದಿಲ್ಲ. ಅಂಗಿಗೆ ಮೆತ್ತಿಕೊಂಡಿದೆ ಅಂದ ಮಾತ್ರಕ್ಕೆ ಬಿದ್ದೆ ಅಂತಲೇ ಅರ್ಥವಾ? ಇದು ಕೆಸರಲ್ಲ ಕಣೇ, ಮುಟ್ಟಿ ನೋಡು... ಬೇಡವಾ? ಸರಿ, ನೋಡು ಸಾಕು. ಬೆಣ್ಣೆ! ಊಹಿಸಲ್ವಾ? ಹೋಗಲಿ, ನಾನೇ ಹೇಳ್ತೀನಿ. ನನ್ನ ಬಾಯಲ್ಲಿ ಎಳ್ಳು ನೆನೆಯಲ್ಲ ಅಂತ ನಿನಗೆ ಗೊತ್ತೇ ಇದೆ. ಸುರಂಗ ತೆಗೆದರು! ನನ್ನ ಮಣ್ಣು ಗೆದ್ದಿತು!

ಆ ಲೋಟ ಆಮೇಲೆ ಸುತ್ತು ಮಾರಾಯ್ತಿ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ಸಮುದ್ರದ ದಡದಲ್ಲಿರೋ ನಿನ್ನ ತಂಗಿಯೂ ಓಡಿಹೋಗಲ್ಲ, ಸಾಮಾನಿನ ಲಾರಿ ಬರೋದು ಮುಂದಿನ ವಾರ ತಾನೇ? ಅಯ್ಯೋ, ಅದೇ ಪೇಪರಿನಲ್ಲಿ ಸುತ್ತಬೇಕಾ! "ಸುರಂಗಕ್ಕೆ ನೀರು: ಮಣ್ಣಿನ ಗೋಡೆ ವಿಫಲ." ಸುತ್ತು, ಸುತ್ತು. ಅಗೆಯೋ ಮೊದಲೇ ಹಾಗೆ ಬರೆದವನನ್ನೂ ಸೇರಿಸಿ ಸುತ್ತು.

ನೆನಪಿದೆಯಲ್ಲ, ನಾನು ಕೆಲಸದಲ್ಲಿದ್ದಾಗ ಈ ಊರಿನ ಅಡಿಯಲ್ಲಿ, ಬಂಡೆಯೊಳಗೆ, ಮುಚ್ಚಿಟ್ಟು ಬಂದಿದ್ದು? ಒಂದು ಉಕ್ಕಿನ ಡಬ್ಬ, ಒಳಗೆ ಬರೀ ಹೀಟರು. ಅಣುಸ್ಥಾವರದ ವಿಕಿರಣದ ಕಸ ಇನ್ನೂ ಒಂದು ಚಮಚವೂ ಇಳಿದಿಲ್ಲ. ಅದರ ಬಿಸಿಯ ವೇಷ ಹಾಕಿದ ಡಬ್ಬ ಅಷ್ಟೆ. ಸುತ್ತ ನನ್ನ ಮಣ್ಣಿನ ಇಟ್ಟಿಗೆ. ನಿಜವಾದ ಕಸವನ್ನು ಅಲ್ಲಿ ಹೂಳೋದಕ್ಕೆ ಒಪ್ಪಬೇಕೋ ಬೇಡವೋ ಅಂತ ಊರಿನವರು ಇವತ್ತು ಕೈ ಎತ್ತಬೇಕಿತ್ತು. ಮೊದಲು ನಮ್ಮ ಕಣ್ಣೆದುರೇ ಅಗೆದು ತೋರಿಸಿ ಅಂದರು. ಸರಿಯಾಗೇ ಅಂದರು! ನನ್ನನ್ನು ಕರೆದರಾ? ಇಲ್ಲ! ನಮ್ಮ ಸಂಸ್ಥೆಯ ಈಗಿನ ನಿರ್ದೇಶಕ, "ಸರ್, ನಿಮಗೆ ವಯಸ್ಸಾಯ್ತು, ಕೆಳಗೆ ಉಸಿರುಗಟ್ಟುತ್ತೆ" ಅಂದ. "ಅಪ್ಪಾ, ನಿನ್ನ ಹಾಲುಹಲ್ಲು ಉದುರೋವಾಗ ಆ ಇಟ್ಟಿಗೆ ಜೋಡಿಸಿದವನು ನಾನು" ಅಂದು ಟೋಪಿ ಹಾಕಿದೆ. ನನ್ನ ತಲೆಗೇ ಕಣೇ, ಬೇರೆಯವರಿಗಲ್ಲ! ಹಾಕಿಕೊಂಡು ಲಿಫ್ಟಿನಲ್ಲಿ ನಿಂತೇಬಿಟ್ಟೆ. ತಳ್ಳಲಿ ನೋಡೋಣ ಅಂತ.

ಕೆಳಗೆ ಯಾರಿದ್ದರು ಅಂತೀಯಾ? ಹೆಡ್‌ಮಿಸ್ಸು! ಶಾಲೆ ಬಿಟ್ಟ ಮೇಲೂ ಊರಿಗೆಲ್ಲ ಪಾಠ ಮಾಡ್ತಾರಲ್ಲ, ಅವರೇ. ಬೇಡ ಅನ್ನೋರ ಗುಂಪಿಗೆ ಅವರೇ ತಾನೇ ತಲೆ? ಗುದ್ದಲಿ ಬಿದ್ದದ್ದೇ ತಡ, ಮಣ್ಣಿಗೆ ಬೆರಳು ಒತ್ತಿ ಕೂಗಿದರು: "ಒದ್ದೆ! ನೋಡಿ, ಒದ್ದೆ! ನಾವು ಹೇಳಿರಲಿಲ್ವಾ?" ಅವರ ಕಡೆಯವರೆಲ್ಲ ಚಪ್ಪಾಳೆ. ನಾನೂ ಚಪ್ಪಾಳೆ ತಟ್ಟಿದೆ, ಎಲ್ಲರಿಗಿಂತ ಜೋರಾಗಿ! ...ಯಾಕೆ ನಗ್ತೀಯಾ? ನಗಲಿಲ್ವಾ? ನೀನು ನಕ್ಕೆ ಅಂದುಕೊಂಡೆ.

"ಮೇಡಂ, ಒದ್ದೆಯಾಗಲಿ ಅಂತಲೇ ಇಷ್ಟು ವರ್ಷ ಕಾದದ್ದು" ಅಂದೆ. "ಒಣಗಿದ್ದಿದ್ದರೆ ನಾನು ಇಲ್ಲೇ ಕೂತು ಅಳ್ತಿದ್ದೆ." ಅವರ ಮುಖ ನೋಡಬೇಕಿತ್ತು! ಈ ಮಣ್ಣು ನೀರು ಕುಡಿದರೆ ಊದುತ್ತೆ ಕಣೇ. ಊದೋಕೆ ಜಾಗ ಎಲ್ಲಿದೆ? ಸುತ್ತ ಬಂಡೆ. ಆಗ ಬಿರುಕಿಗೆ ನುಗ್ಗುತ್ತೆ, ಸಂದಿಗೆ ನುಗ್ಗುತ್ತೆ, ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತೆ. ನೀನು ಮುಖ ಊದಿಸಿಕೊಂಡ ದಿನ ಈ ಮನೆಯಲ್ಲಿ ಗಾಳಿಗೂ ಜಾಗ ಇರಲ್ಲವಲ್ಲ, ಹಾಗೇ. ಆಮೇಲೆ ನೀರು ಹರಿಯಲ್ಲ, ತೆವಳುತ್ತೆ. ಬಸವನಹುಳು ಅದರ ಮುಂದೆ ಕುದುರೆ!

ಇಟ್ಟಿಗೆ ಜೋಡಿಸಿದಾಗ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು. ಎಲ್ಲಿದೆ, ಹುಡುಕಿ ಅಂದೆ. ಹೆಡ್‌ಮಿಸ್ಸು ಟಾರ್ಚು ಬಿಟ್ಟು ನೋಡಿದರು, ಕನ್ನಡಕ ಒರೆಸಿಕೊಂಡು ನೋಡಿದರು, ಉಗುರಿನಿಂದ ಕೆರೆದು ನೋಡಿದರು... ಇದ್ದರೆ ತಾನೇ ಸಿಗೋದು! ಗುದ್ದಲಿಯವನು "ಸರ್, ಇದು ನನ್ನನ್ನೇ ಒಳಗೆ ಎಳೀತಾ ಇದೆ" ಅಂತ ಒದ್ದಾಡಿದ. ಡಬ್ಬಕ್ಕೆ ಮೇಲೆ ಮೇಲೆ ತುಕ್ಕು, ಇಲ್ಲ ಅನ್ನಲ್ಲ. ಆದರೆ ಗಟ್ಟಿಮುಟ್ಟು. ನನ್ನ ಹಾಗೆ.

ಮಣ್ಣಂಗಟ್ಟಿ ಅಂತ ಕರೀತಿದ್ದರಲ್ಲ ನನ್ನನ್ನು, ನಿಮ್ಮಣ್ಣನೂ ಸೇರಿ! "ಅಷ್ಟೆಲ್ಲ ಓದಿ ಮಣ್ಣು ಹೊರ್ತಾನೆ, ನಮ್ಮ ಭಾವ ಮಣ್ಣಂಗಟ್ಟಿ." ಬರಲಿ ಈಗ. ಮುಖಕ್ಕೆ ಹಿಡೀತೀನಿ ಈ ಅಂಗಿ. ಒಗೀಬೇಡ ಇದನ್ನ!

ಆಮೇಲೆ ಸಭೆ. ಬೇಕು ಅನ್ನೋರು ಕೈ ಎತ್ತಿ ಅಂದರು. ಯಾರು ಮೊದಲು ಎತ್ತಿದರು ಹೇಳು? ಹೆಡ್‌ಮಿಸ್ಸು! ಅವರು ಎತ್ತಿದ ಮೇಲೆ ಅರ್ಧ ಸಭೆ ಎತ್ತಿತು. ಎಲ್ಲ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಉಳಿದರ್ಧ ಅವರನ್ನು ನೋಡಿ ಎತ್ತಿತು. ಗೆದ್ದೆವು!

ಏನು ಹಾಗೆ ನೋಡ್ತೀಯಾ? ಮಣ್ಣೇ ಒಪ್ಪಿಸಿದ್ದು. ಸಂದಿ ಕಾಣಲಿಲ್ಲ, ಒಪ್ಪಿದರು... ಇಷ್ಟೇ. ಇನ್ನೇನಿಲ್ಲ... ಇಲ್ಲ ಅಂದೆನಲ್ಲ! ಆ ಹಗ್ಗ ಕೊಡು ಇಲ್ಲಿ, ನಾನು ಕಟ್ತೀನಿ. ಎಲ್ಲಿ, ನನ್ನ ಪೆಟ್ಟಿಗೆ ಯಾವುದು? ಇದು ನಿನ್ನ ಹೊಲಿಗೆ ಯಂತ್ರ. ಇದು ನಿನ್ನ ಬಟ್ಟೆ. ಇದೂ ನಿನ್ನದೇ. ನನ್ನ ಪುಸ್ತಕಗಳು ಹಾಗೇ ಕಪಾಟಿನಲ್ಲಿವೆ, ನನ್ನ ತಟ್ಟೆ ಅಲ್ಲೇ ಗೂಡಿನಲ್ಲಿದೆ... ನಿನ್ನ ಲೋಟ ಒಂದೇ ಸುತ್ತಿದ್ದೀಯಲ್ಲೇ.

ಓ.

ಹೆಡ್‌ಮಿಸ್ಸು ಹೇಳಿದರಾ? ಅವರ ಬಾಯಿಗೆ ನನ್ನ ಮಣ್ಣೇ ಹಾಕಬೇಕಿತ್ತು! ಸುಮ್ಮನಿರಬೇಡವೇ, ಬೈದುಬಿಡು... ಹೂಂ, ಕೊಟ್ಟೆ. ಮಾತು ಕೊಟ್ಟೆ! ಏನು ತಪ್ಪು? ಮನೆಗೇ ಬಂದು, ಈ ಕುರ್ಚಿಯಲ್ಲಿ ಕೂತು ಕೇಳಿದರು: "ನಿಮ್ಮ ಮಣ್ಣು ಅಷ್ಟು ಒಳ್ಳೇದಾದರೆ ನೀವು ಯಾಕೆ ಸಮುದ್ರದ ಕಡೆ ಓಡ್ತಿದ್ದೀರಿ?" ಏನು ಹೇಳಲಿ? ಗಾಳಿ ಚೆನ್ನಾಗಿದೆ ಅಂತಲಾ? ಊರೆಲ್ಲ ಇದರ ಮೇಲೆ ಮಲಗಬೇಕು, ಹೂಳೋಕೆ ಹೇಳಿದವನು ಮಾತ್ರ ಅಲೆ ಎಣಿಸಬೇಕಾ? "ಹೋಗಲ್ಲ" ಅಂದೆ. "ಮಣ್ಣು ಊದಿದ್ದರೆ ನೀವು ಕೈ ಎತ್ತಿ. ನಾವು ಸಾಯೋ ತನಕ ಇದರ ಮೇಲೇ ಇರ್ತೀವಿ" ಅಂದೆ. ನಾವು ಅಂದೆ. ಹೌದು, ನಿನ್ನನ್ನು ಕೇಳಲಿಲ್ಲ. ನಾಳೆ ಇನ್ನೊಂದು ಸಲ ಕೇಳಿದರೂ ಅದನ್ನೇ ಹೇಳ್ತೀನಿ!

...ಎದ್ದು ಹೋಗಬೇಡವೇ. ಆ ಒಂದು ಮಾತು ಬೇಕಾದರೆ ತಿದ್ದಿ ಬರ್ತೀನಿ. "ನಾವು" ಅನ್ನೋದು ಬಾಯಿತಪ್ಪಿ ಬಂತು, "ನಾನು" ಅಂತ ಇಟ್ಟುಕೊಳ್ಳಿ ಅಂತ... ಆದರೆ ಹೋಗಲ್ಲ ಅನ್ನೋದನ್ನ ತಿದ್ದಲ್ಲ. ಏನು, ಕ್ಯಾಲೆಂಡರ್ ನೋಡ್ತಾ ನಿಂತೆ? ಮಾತು ಕೊಟ್ಟದ್ದು ಯಾವತ್ತು ಅಂತಲಾ? ಬಾಯಿಬಿಟ್ಟು ಕೇಳಬಾರದಾ?

ನೀನು ನಿನ್ನ ತಂಗಿಯ ಊರಿಗೆ ಹೋಗಿದ್ದೆ. ನಮ್ಮ ಆ ಹೊಸ ಮನೆಯ ಕಿಟಕಿಗಳಿಗೆ ಪರದೆಯ ಅಳತೆ ತೆಗೀತಾ ನಡುವೆ ಫೋನ್ ಮಾಡಿದ್ದೆಯಲ್ಲ, "ಯಾವ ಕಿಟಕಿ ತೆಗೆದರೂ ನೀರು ಕಾಣುತ್ತೆ ರೀ" ಅಂತ? ಆಗ ಹೆಡ್‌ಮಿಸ್ಸು ನನ್ನ ಎದುರಿಗೇ ಕೂತಿದ್ದರು. ನೀನು ಫೋನ್ ಇಟ್ಟೆ. ನಾನು ಮಾತು ಕೊಟ್ಟೆ.

ಏಪ್ರಿಲ್ ಹನ್ನೊಂದು. ಭಾನುವಾರ.